ಗಾಳದ ಚರಿತ್ರೆ: ಕರಾವಳಿಯ ಅಳಿವೆಗಳಲ್ಲಿ ಕಸುಬು ಮತ್ತು ವಿನೋದ

ಕರಾವಳಿಯ ಮೀನುಗಾರಿಕೆಯ ಚರಿತ್ರೆಯಲ್ಲಿ ಬಲೆಗೆ ದೊರೆತಿರುವ ಪ್ರಾಧಾನ್ಯ ಗಾಳಕ್ಕೆ ದೊರೆತಿಲ್ಲ. ಇದಕ್ಕೆ ಕಾರಣಗಳಿವೆ. ಬಲೆ ಸಾಮೂಹಿಕ ಶ್ರಮದ ಸಾಧನ. ರಂಪಣಿಯಂಥ ದೊಡ್ಡ ಬಲೆಯನ್ನು ಎಳೆಯಲು ಊರಿಗೆ ಊರೇ ದಡದಲ್ಲಿ ಸೇರಬೇಕಾಗುತ್ತಿತ್ತು. ಅದರ ಒಡೆತನ, ಪಾಲು, ವಿವಾದಗಳೆಲ್ಲವೂ ದಾಖಲೆಗಳಲ್ಲಿ ಸೇರಿಕೊಂಡವು. ಗಾಳವಾದರೋ ಒಬ್ಬನ ಕೈಯ ಸಾಧನ. ಅದಕ್ಕೆ ಪಾಲುಗಾರರಿಲ್ಲ, ಆದುದರಿಂದ ಪತ್ರವ್ಯವಹಾರವೂ ಕಡಿಮೆ. ಆದರೆ ಬಲೆಗಿಲ್ಲದ ಒಂದು ವೈಶಿಷ್ಟ್ಯ ಗಾಳಕ್ಕಿದೆ. ಹೊಟ್ಟೆಪಾಡಿಗಾಗಿ ಹಿಡಿಯುವ ಮೊಗವೀರನೂ, ವಿನೋದಕ್ಕಾಗಿ ಹಿಡಿಯುವ ಅರಸನೂ, ಬಿಡುವಿನ ವೇಳೆಯನ್ನು ಕಳೆಯುವ ಅಧಿಕಾರಿಯೂ ಒಂದೇ ಸಾಧನವನ್ನು ಬಳಸಿದ್ದಾರೆ. ಈ ಮೂವರಲ್ಲಿ ಯಾರ ಅರಿವು ಬರಹಕ್ಕೆ ಇಳಿಯಿತು, ಯಾರದು ಇಳಿಯಲಿಲ್ಲ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಕರ್ನಾಟಕದ ಕಡಲತೀರದ ಗಾಳದ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅರಮನೆಯ ಮತ್ಸ್ಯವಿನೋದ

ವಿನೋದಕ್ಕಾಗಿ ಮೀನು ಹಿಡಿಯುವುದು ಯೂರೋಪಿಯನ್ನರು ತಂದ ಹವ್ಯಾಸವೆಂಬ ಭಾವನೆ ಸಾಮಾನ್ಯವಾಗಿದೆ. ಕನ್ನಡ ನಾಡಿನ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಕಲ್ಯಾಣ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥ ಚಿಂತಾಮಣಿ’ಯು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ವಿಂಗಡಣೆಗೊಂಡಿದೆ. ಇವುಗಳಲ್ಲಿ ವಿನೋದಗಳಿಗೆ ಮೀಸಲಾದ ನಾಲ್ಕನೆಯ ವಿಂಶತಿಯಲ್ಲಿ ಸಂಗೀತ, ನೃತ್ಯ, ಬೇಟೆಗಳ ಜೊತೆಗೆ ‘ಮತ್ಸ್ಯವಿನೋದ’ವೂ ಸ್ಥಾನ ಪಡೆದಿದೆ. ಇಲ್ಲಿ ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಹೆಸರಿಸಿ, ಕಡಲಿನವು ಮತ್ತು ನದಿಯವು ಎಂದೂ, ಹುರುಪೆಯುಳ್ಳವು ಮತ್ತು ಹುರುಪೆಯಿಲ್ಲದವು ಎಂದೂ ವಿಭಾಗಿಸಲಾಗಿದೆ. ಯಾವ ಮೀನಿಗೆ ಯಾವ ಆಹಾರ, ಗಾಳದ ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂಬ ವಿವರಗಳೂ ಇವೆ. ಪ್ರಾಣಿಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ಆಧುನಿಕ ಮತ್ಸ್ಯವಿಜ್ಞಾನದ ಬೆಳಕಿನಲ್ಲಿ ಪರಿಶೀಲಿಸಿದ ಬಳಿಕ ಇದರ ಮಹತ್ತ್ವ ವಿದ್ವಾಂಸರ ಗಮನಕ್ಕೆ ಬಂದಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಚಾಲುಕ್ಯರ ರಾಜಧಾನಿ ಕಲ್ಯಾಣವು ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ಒಳನಾಡಿನಲ್ಲಿದೆ. ಅಲ್ಲಿ ಕುಳಿತು ಕಡಲ ಮೀನುಗಳನ್ನು ವರ್ಗೀಕರಿಸಬೇಕಾದರೆ, ನೀರಿನೊಡನೆ ಬದುಕುವ ಜನರ ಅರಿವು ಯಾವುದೋ ಹಾದಿಯಲ್ಲಿ ಅರಮನೆಯನ್ನು ತಲುಪಿರಲೇಬೇಕು. ಗ್ರಂಥವು ಮೀನುಗಳನ್ನು ಹೆಸರಿಸುತ್ತದೆ. ಮೀನನ್ನು ಬಲ್ಲವರ ಹೆಸರುಗಳು ಉಳಿದುಬಂದಿಲ್ಲ. ಏಳು ಶತಮಾನಗಳ ಬಳಿಕ ಇದೇ ವಿನ್ಯಾಸ ಇನ್ನೊಂದು ರೂಪದಲ್ಲಿ ಮರುಕಳಿಸಿತು.

ಮಂಗಳೂರಿನಲ್ಲಿ ಅಚ್ಚಾದ ಗಾಳದ ಗ್ರಂಥ

1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣ ಕನ್ನಡವು ಮದ್ರಾಸಿನಲ್ಲಿಯೇ ಉಳಿಯಿತು. ಈ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಮದ್ರಾಸ್ ಸಿವಿಲ್ ಸರ್ವಿಸ್‌ಗೆ ಸೇರಿದವನು. 1870ರಲ್ಲಿ ಅವನು ಜಿಲ್ಲೆಯ ಮೀನು ಸಾಕಣೆಯನ್ನು ಕುರಿತು ವರದಿಯೊಂದನ್ನು ಸಿದ್ಧಪಡಿಸಿದನು. 1873ರಲ್ಲಿ ಅವನ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಣಾಲಯದಿಂದ ಹೊರಬಂದಿತು. ಭಾರತದಲ್ಲಿ ವಿನೋದಕ್ಕಾಗಿ ಗಾಳ ಹಾಕುವವರಿಗೆ ಮುಂದಿನ ಹಲವು ದಶಕಗಳ ಕಾಲ ಕೈಪಿಡಿಯಾದ ಪುಸ್ತಕವಿದು. 1881ರಲ್ಲಿ ಎರಡನೆಯ, 1897ರಲ್ಲಿ ಮೂರನೆಯ ಆವೃತ್ತಿ ಕಂಡಿತು. ಮೆನ್ನರನ ತುಳು ನಿಘಂಟನ್ನು 1886ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟನ್ನು 1894ರಲ್ಲಿ ಹೊರತಂದ ಸಂಸ್ಥೆಯೇ ಗಾಳದ ಈ ಗ್ರಂಥವನ್ನೂ ಹೊರತಂದಿತೆಂಬುದು ಕರಾವಳಿಯ ಮುದ್ರಣ ಚರಿತ್ರೆಯ ಒಂದು ಸ್ವಾರಸ್ಯ.

ಥಾಮಸನ ಮುಖ್ಯ ಆಸಕ್ತಿ ಹೊಳೆಯ ಮಹಶೀರ್ ಮೀನಿನಲ್ಲಿತ್ತು. ಆದರೂ ನದಿಯ ಸಿಹಿನೀರು ಕಡಲಿನ ಉಪ್ಪುನೀರನ್ನು ಕೂಡುವ ಅಳಿವೆಗಳಲ್ಲಿ ಗಾಳಕ್ಕೆ ಬೀಳುವ ಮೀನುಗಳನ್ನೂ ಅವನು ವಿವರಿಸಿದ್ದಾನೆ. ಅವುಗಳಲ್ಲಿ ಒಂದನ್ನು ಅವನು ‘ಬಾಮೀನ್’ ಎಂದು ಕರೆಯುತ್ತಾನೆ. ಕೊಂಕಣಿ ಮತ್ತು ಮರಾಠಿಯಲ್ಲಿ ರಾವಸ್ ಎಂದು ಪ್ರಸಿದ್ಧವಾದ, ಎದೆಯ ರೆಕ್ಕೆಯ ಕೆಳಗೆ ನಾಲ್ಕು ಎಳೆಗಳಿರುವ ಮೀನು ಇದು. ಲ್ಯಾಟಿನ್ ಹೆಸರನ್ನು ಬಲ್ಲ ಇಂಗ್ಲಿಷ್ ಲೇಖಕನ ಬರಹದಲ್ಲಿಯೂ ಈ ಮೀನು ದ್ರಾವಿಡ ಭಾಷೆಗಳ ‘ಮೀನ್’ ಶಬ್ದವನ್ನು ಹೊತ್ತುಕೊಂಡೇ ಬಂದಿದೆ. ಸ್ಥಳೀಯ ನುಡಿಯವರಿಂದ ಕೇಳಿ ತಿಳಿಯದೆ ಇಂಥ ಹೆಸರು ಪುಸ್ತಕದೊಳಗೆ ಬರುವುದು ಸಾಧ್ಯವಿಲ್ಲ. ಹೀಗೆ ಒಂದು ಹೆಸರೇ ಜ್ಞಾನದ ಹಸ್ತಾಂತರಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಜಾನಪದ ಅಧ್ಯಯನದಲ್ಲಿ ಇಂಥ ಹೆಸರುಗಳಿಗೆ ಶಾಸನದ ಬೆಲೆ ಇದೆ.

ಇದೇ ಅವಧಿಯಲ್ಲಿ ಫ್ರಾನ್ಸಿಸ್ ಡೇ 1865ರಲ್ಲಿ ಮಲಬಾರಿನ ಮೀನುಗಳನ್ನೂ, 1875ರಿಂದ 1878ರವರೆಗೆ ಇಡೀ ಭಾರತದ ಮೀನುಗಳನ್ನೂ ಕುರಿತ ಗ್ರಂಥಗಳನ್ನು ಪ್ರಕಟಿಸಿದನು. 1883ರ ಮುಂಬಯಿ ಗ್ಯಾಸೆಟಿಯರ್‌ನ ಕೆನರಾ ಸಂಪುಟವು ಹರಿಕಾಂತ, ಖಾರ್ವಿ, ಗಾಬಿತ, ಅಂಬಿಗ, ದಾಲ್ದಿ ಮೊದಲಾದ ಸಮುದಾಯಗಳನ್ನು ಪರಿಚಯಿಸಿತು. ಮೀನುಗಳ ವಿವರ ಒಂದೆಡೆ, ಮೀನುಗಾರರ ವಿವರ ಇನ್ನೊಂದೆಡೆ ಹೀಗೆ ಸಂಗ್ರಹವಾದವು. ಇವೆರಡನ್ನೂ ಬೆಸೆಯುವ ಅರಿವು, ಅಂದರೆ ಯಾವ ಮೀನನ್ನು ಯಾರು, ಯಾವಾಗ, ಯಾವ ಎರೆಯಿಂದ ಹಿಡಿಯುತ್ತಾರೆಂಬ ತಿಳಿವಳಿಕೆ, ಬಹುಮಟ್ಟಿಗೆ ಬಾಯಿಮಾತಿನಲ್ಲಿಯೇ ಉಳಿಯಿತು. 1897ರ ಭಾರತೀಯ ಮೀನುಗಾರಿಕೆ ಕಾಯಿದೆಯ ದೃಷ್ಟಿಯೂ ಸ್ಫೋಟಕ, ವಿಷ, ಒಡ್ಡು ಮತ್ತು ಬಲೆಗಳ ಮೇಲೆಯೇ ನೆಟ್ಟಿತ್ತು.

ಮೀನಿನ ಸ್ವಭಾವ, ಸಾಧನದ ರಚನೆ

ಬಲೆ ಮೀನಿನ ಗಾತ್ರವನ್ನು ತಿಳಿದಿದ್ದರೆ ಸಾಕು, ಗಾಳ ಮೀನಿನ ಸ್ವಭಾವವನ್ನೂ ತಿಳಿದಿರಬೇಕು. ಕರಾವಳಿಯ ಕೆಲವು ಮೀನುಗಳನ್ನು ಉದಾಹರಣೆಯಾಗಿ ನೋಡಬಹುದು. ಅಂಜಲ್ ಮೀನು ತೆರೆದ ಕಡಲಿನಲ್ಲಿ ವೇಗವಾಗಿ ಈಜುವ ಬೇಟೆಗಾರ. ಅದರ ಹಲ್ಲುಗಳು ಬಲು ಹರಿತವಾದುದರಿಂದ ಬರಿಯ ದಾರ ಕ್ಷಣದಲ್ಲಿ ಕತ್ತರಿಸಿಹೋಗುತ್ತದೆ. ಆದುದರಿಂದ ಗಾಳಕ್ಕೆ ಮೇಲ್ಗಡೆ ಲೋಹದ ತಂತಿಯ ತುಂಡೊಂದನ್ನು ಕಟ್ಟಿ, ಚಲಿಸುವ ದೋಣಿಯ ಹಿಂದೆ ದಾರವನ್ನು ಎಳೆದುಕೊಂಡು ಹೋಗುವ ಕ್ರಮ ಬಳಕೆಗೆ ಬಂದಿತು. ಮುರು ಮೀನು ಇದಕ್ಕೆ ತದ್ವಿರುದ್ಧವಾದುದು. ಅದು ಬಂಡೆಯ ಸಂದಿಯಲ್ಲಿ ಹೊಂಚು ಹಾಕಿ, ಎರೆಯನ್ನು ನುಂಗಿದೊಡನೆ ಗೂಡಿಗೆ ಹಿಂದಿರುಗುತ್ತದೆ. ಅದನ್ನು ದಣಿಸುತ್ತ ಕುಳಿತರೆ ದಾರ ಬಂಡೆಗೆ ಸವೆದು ತುಂಡಾಗುವುದು ಖಂಡಿತ. ಮೊದಲ ಎಳೆತದಲ್ಲಿಯೇ ಅದನ್ನು ಬಂಡೆಯಿಂದ ಮೇಲೆತ್ತಬೇಕು. ಕಾಣೆ ಮೀನು ಮರಳಿನ ತಳದಲ್ಲಿ ಹುಳುಗಳನ್ನು ಹುಡುಕುವ ಸಣ್ಣ ಬಾಯಿಯ ಜೀವಿ. ಅದಕ್ಕೆ ಸಣ್ಣ ಗಾಳ, ತೆಳುವಾದ ದಾರ, ಹಗುರವಾದ ಸೀಸದ ಗುಂಡು ಬೇಕು.

ಅಳಿವೆಯ ಮೀನುಗಳಲ್ಲಿ ಬಂಗಾಳದಲ್ಲಿ ಭೆಟ್ಕಿ, ಕೊಂಕಣಿಯಲ್ಲಿ ಚಣಾಕ್, ಮಲಯಾಳದಲ್ಲಿ ಕಾಳಾಂಜಿ ಎನಿಸಿಕೊಳ್ಳುವ ಮೀನಿನ ಜೀವನಕ್ರಮ ವಿಶೇಷವಾದುದು. ಅದು ಮೊದಲು ಗಂಡಾಗಿ ಪಕ್ವಗೊಂಡು, ಕೆಲವು ವರ್ಷಗಳ ಬಳಿಕ ಹೆಣ್ಣಾಗಿ ಪರಿವರ್ತನೆ ಹೊಂದುತ್ತದೆ. ಸಿಹಿನೀರಿನಲ್ಲಿ ಬೆಳೆದು, ಮೊಟ್ಟೆಯಿಡಲು ಅಳಿವೆಯ ಉಪ್ಪುನೀರಿಗೆ ಇಳಿಯುತ್ತದೆ. ಅತಿ ದೊಡ್ಡ ಮೀನನ್ನು ಹಿಡಿದು ಹೆಮ್ಮೆಪಡುವ ವಿನೋದಪ್ರಿಯನ ಕೈಸೇರುವುದು ಬಹುಮಟ್ಟಿಗೆ ಮೊಟ್ಟೆಯಿಡುವ ಹೆಣ್ಣೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಸುಬಿನ ಗಾಳ ಮತ್ತು ವಿನೋದದ ಗಾಳಗಳ ವ್ಯತ್ಯಾಸ ಮುಳ್ಳಿನಲ್ಲಿಲ್ಲ, ಕೈಯಲ್ಲಿದೆ. ವಿನೋದದ ಗಾಳದಲ್ಲಿ ಬಾಗುವ ಕೋಲು ಮೀನಿನ ಸೆಳೆತವನ್ನು ತಾಳಿಕೊಳ್ಳುತ್ತದೆ, ರಾಟೆಯು ಬೇಕಾದಾಗ ದಾರವನ್ನು ಬಿಟ್ಟುಕೊಡುತ್ತದೆ. ದೋಣಿಯಲ್ಲಿ ಕುಳಿತ ಮೀನುಗಾರನ ಕೈಗಾಳದಲ್ಲಿ ಕೋಲೂ ಇಲ್ಲ, ರಾಟೆಯೂ ಇಲ್ಲ. ಎರಡರ ಕೆಲಸವನ್ನೂ ಬೆರಳುಗಳೇ ಮಾಡಬೇಕು. ದಾರದ ನಡುಕದಿಂದ ತಳದಲ್ಲಿರುವುದು ಮರಳೋ ಬಂಡೆಯೋ, ಎರೆಯನ್ನು ಕಚ್ಚಿದ್ದು ಏಡಿಯೋ ಮೀನೋ ಎಂಬುದನ್ನು ಬೆರಳೇ ಗುರುತಿಸಬೇಕು. ಹತ್ತಿ ಮತ್ತು ಸೆಣಬಿನ ದಾರಗಳ ಕಾಲದಲ್ಲಿ ಅವು ಉಪ್ಪುನೀರಿಗೆ ಕೊಳೆಯದಂತೆ ಮರದ ತೊಗಟೆಯ ಚೊಗರಿನಲ್ಲಿ ಅದ್ದಿ ಒಣಗಿಸುವುದೂ ಈ ಕಸುಬಿನ ಭಾಗವೇ ಆಗಿತ್ತು.

ಮುಳ್ಳಿನ ವಿಷಯದಲ್ಲಿಯೂ ಲಕ್ಷದ್ವೀಪದ ನಿದರ್ಶನ ಉಲ್ಲೇಖನೀಯ. ಅಲ್ಲಿನ ಅಮೀನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಮಲಬಾರಿಗೆ ಸೇರಿದ್ದ ಮಿನಿಕಾಯ್ ದ್ವೀಪದಲ್ಲಿ ಸೂರೆ ಮೀನನ್ನು ಕೋಲುಗಾಳದಿಂದ ಹಿಡಿಯುವ ಪರಂಪರೆ ಬಹು ಹಳೆಯದು. ಮೀನಿನ ಹಿಂಡು ಕಂಡೊಡನೆ ಜೀವಂತ ಸಣ್ಣ ಮೀನುಗಳನ್ನು ಚೆಲ್ಲಿ, ನೀರನ್ನು ಎರಚಿ, ಒಂದರ ಹಿಂದೊಂದರಂತೆ ಮೀನುಗಳನ್ನು ಎತ್ತಿ ದೋಣಿಗೆ ಎಸೆಯುವ ಈ ಕ್ರಮದಲ್ಲಿ ಹಿಮ್ಮುಳ್ಳಿಲ್ಲದ ಗಾಳವೇ ಬಳಕೆಯಲ್ಲಿದೆ. ಮೀನು ತಾನಾಗಿ ಕಳಚಿ ಬೀಳಬೇಕೆಂಬುದು ಇದರ ಉದ್ದೇಶ. ಹಿಡಿದ ಮೀನನ್ನು ನೋಯಿಸದೆ ನೀರಿಗೆ ಬಿಡಬೇಕೆಂಬ ನೀತಿಯನ್ನು ಪಾಲಿಸುವ ಇಂದಿನ ವಿನೋದಪ್ರಿಯರು ಇದೇ ಹಿಮ್ಮುಳ್ಳಿಲ್ಲದ ಗಾಳವನ್ನು ಹೊಸ ಸುಧಾರಣೆಯೆಂದು ಭಾವಿಸುತ್ತಾರೆ. ದ್ವೀಪವಾಸಿಗಳಿಗೆ ಅದು ದಿನನಿತ್ಯದ ದುಡಿಮೆಯ ಸಾಧನ.

ಕಡಲ ಮೇಲಿನ ಗುರುತುಗಳು

ಗಾಳದ ಮೀನುಗಾರಿಕೆಗೆ ಎಲ್ಲಕ್ಕಿಂತ ಮುಖ್ಯವಾದುದು ಜಾಗದ ಅರಿವು. ಬಂಡೆಯ ಮೀನುಗಳು ಬಂಡೆಯಿರುವಲ್ಲಿ ಮಾತ್ರ ಸಿಗುತ್ತವೆ, ಬಂಡೆಯಾದರೋ ನೀರಿನಡಿಯಲ್ಲಿದೆ. ದಡದ ಎರಡು ಗುರುತುಗಳನ್ನು, ಉದಾಹರಣೆಗೆ ಒಂದು ಬೆಟ್ಟದ ತುದಿ ಮತ್ತು ಒಂದು ದೇವಾಲಯದ ಶಿಖರವನ್ನು, ಒಂದೇ ಗೆರೆಗೆ ತಂದುಕೊಂಡು, ಇನ್ನೊಂದು ದಿಕ್ಕಿನಲ್ಲಿ ಮತ್ತೆರಡು ಗುರುತುಗಳನ್ನು ಜೋಡಿಸಿ, ಎರಡು ಗೆರೆಗಳು ಕೂಡುವಲ್ಲಿ ದೋಣಿಯನ್ನು ನಿಲ್ಲಿಸುವುದು ನಾಡದೋಣಿಯವರ ಕ್ರಮ. ಘಟ್ಟದ ಕುದುರೆಮುಖ ಶಿಖರವು ಕಡಲಿನವರಿಗೆ ಹಳೆಯ ಕಾಲದಿಂದಲೂ ಇಂಥ ಗುರುತಾಗಿತ್ತು. ಕಡಲಿನಲ್ಲಿ ನಿಂತು ನೆಲವನ್ನು ಓದುವ ಈ ವಿದ್ಯೆಗೆ ನಕ್ಷೆಯಿಲ್ಲ. ಅದು ತಂದೆಯಿಂದ ಮಗನಿಗೆ ದೋಣಿಯಲ್ಲಿಯೇ ದಾಟಿ ಬಂದುದು.

ಮೊಗವೀರರು ಆರಾಧಿಸುವ ಬೊಬ್ಬರ್ಯ ದೈವವು ಕಡಲಿನಲ್ಲಿ ರಕ್ಷಣೆ ನೀಡುವುದೆಂಬ ನಂಬಿಕೆ, ನೂಲ ಹುಣ್ಣಿಮೆಯಂದು ಕಡಲಿಗೆ ಹಾಲು ಮತ್ತು ತೆಂಗಿನಕಾಯಿ ಅರ್ಪಿಸುವ ಆಚರಣೆ ಇವನ್ನು ಜಾನಪದ ವಿದ್ವಾಂಸರು ಸಾಕಷ್ಟು ದಾಖಲಿಸಿದ್ದಾರೆ. ಆದರೆ ಆರಾಧನೆಯನ್ನು ದಾಖಲಿಸಿದ ಶ್ರದ್ಧೆಯಿಂದಲೇ ಸಾಧನದ ಅರಿವನ್ನೂ ದಾಖಲಿಸಬೇಕಾಗಿದೆ. ಅಲೆ, ಗಾಳಿ, ತಿಂಗಳ ಪಕ್ಷ, ಉಬ್ಬರವಿಳಿತಗಳ ಲೆಕ್ಕಾಚಾರವೂ ಜಾನಪದವೇ.

ಬದಲಾವಣೆಯ ದಶಕಗಳು

1938ರಲ್ಲಿ ಜೇಮ್ಸ್ ಹಾರ್ನೆಲ್ ಮಲಬಾರ್ ತೀರದ ಮೀನುಗಾರಿಕೆಯ ವಿಧಾನಗಳನ್ನು ಪ್ರಕಟಿಸಿದನು. ಅದೇ ವರ್ಷ ಅಮೆರಿಕದಲ್ಲಿ ನೈಲಾನ್ ಸಾರ್ವಜನಿಕರ ಮುಂದೆ ಬಂದಿತು. ಸ್ವಾತಂತ್ರ್ಯಾನಂತರ ಈ ಕೃತಕ ತಂತು ಕರಾವಳಿಯನ್ನು ತಲುಪಿದಾಗ ಚೊಗರು ಹಾಕುವ ಕೆಲಸ ಇಲ್ಲವಾಯಿತು. ದಾರ ಕೊಳೆಯದು, ನೀರಿನಲ್ಲಿ ಕಾಣದು. ಇದೇ ಗುಣ ಇನ್ನೊಂದು ಕೇಡಿಗೂ ಕಾರಣವಾಯಿತು. ತುಂಡಾಗಿ ಕಡಲಿನಲ್ಲಿ ಉಳಿದ ದಾರವೂ ಕೊಳೆಯದೆ ಬಂಡೆಗಳಿಗೆ ಸುತ್ತಿಕೊಂಡು ಜೀವಿಗಳನ್ನು ಕೊಲ್ಲುತ್ತದೆ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಗಳು ಹರಡಿದವು, ಕೆಲವೇ ವರ್ಷಗಳಲ್ಲಿ ರಂಪಣಿ ಹಿಮ್ಮೆಟ್ಟಿತು. 1986ರಲ್ಲಿ ರಾಜ್ಯವು ಕಡಲ ಮೀನುಗಾರಿಕೆಯ ನಿಯಂತ್ರಣ ಕಾಯಿದೆಯನ್ನು ರೂಪಿಸಿತು. 2015ರಿಂದ ಪಶ್ಚಿಮ ಕರಾವಳಿಯ ಮಳೆಗಾಲದ ನಿಷೇಧವು ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳಿಗೆ ವಿಸ್ತರಿಸಿತು. ದೊಡ್ಡ ದೋಣಿಗಳು ದಡದಲ್ಲಿರುವ ಈ ದಿನಗಳಲ್ಲಿ ಅಳಿವೆಯ ಗಾಳಕ್ಕೆ ಮತ್ತೆ ಬೆಲೆ ಬರುತ್ತದೆ.

ಇದೇ ಕಾಲದಲ್ಲಿ ಪ್ರತಿಧ್ವನಿ ಯಂತ್ರ ಹಾಗೂ ಉಪಗ್ರಹ ಆಧಾರಿತ ಸಾಧನಗಳು ಬಂಡೆಯ ಜಾಗವನ್ನು ಅಂಕಿಗಳಲ್ಲಿ ತೋರಿಸತೊಡಗಿದವು. ಇದರಿಂದ ಮೀನುಗಾರನಿಗೆ ಅನುಕೂಲವೇ ಆಗಿದೆ, ಜೀವಾಪಾಯವೂ ಕಡಿಮೆಯಾಗಿದೆ. ಆದರೆ ತಲೆಮಾರುಗಳ ಕಾಲ ಗುಟ್ಟಾಗಿದ್ದ ಜಾಗವು ಅಂಕಿಯಾದೊಡನೆ ಯಾರ ಕೈಗಾದರೂ ಸೇರಬಹುದು. ಬಂಡೆಯನ್ನು ಕಂಡುಕೊಂಡವನಿಗೂ ಅಂಕಿಯನ್ನು ಪಡೆದವನಿಗೂ ಅಂತರ ಉಳಿಯುವುದಿಲ್ಲ. ಕಡಲ ತಳವನ್ನು ಬೆರಳಿನಿಂದ ಬಲ್ಲವನು ವಿನೋದಕ್ಕೆ ಬಂದವರ ದೋಣಿ ನಡೆಸುವ ಕೂಲಿಯಾಳಷ್ಟೇ ಆಗಿಬಿಡುವ ಸಾಧ್ಯತೆಯನ್ನು ಅಲ್ಲಗಳೆಯುವಂತಿಲ್ಲ.

ಒಟ್ಟಾರೆಯಾಗಿ ಗಾಳದ ಚರಿತ್ರೆಯು ಕಸುಬು ಮತ್ತು ವಿನೋದ ಎರಡು ಬೇರೆ ಬೇರೆ ಪರಂಪರೆಗಳೆಂಬ ತಿಳಿವಳಿಕೆಯನ್ನು ಪ್ರಶ್ನಿಸುತ್ತದೆ. ಕಲ್ಯಾಣದ ಅರಸನ ಗ್ರಂಥಕ್ಕೂ, ಮಂಗಳೂರಿನ ಕಲೆಕ್ಟರನ ಗ್ರಂಥಕ್ಕೂ ತಳಹದಿಯಾದದ್ದು ನೀರಿನ ಜನರ ಅರಿವು. ವಿನೋದಕ್ಕೆ ಬಿಡುವಿತ್ತು, ಆದುದರಿಂದ ಅದು ಬರೆಯಿತು. ಕಸುಬಿಗೆ ಬಿಡುವಿರಲಿಲ್ಲ. ಅದು ತನ್ನ ಅರಿವನ್ನು ಮೀನಿನ ಹೆಸರುಗಳಲ್ಲಿ, ಬೆರಳಿನ ಸ್ಪರ್ಶದಲ್ಲಿ, ಬೆಟ್ಟದ ಗುರುತುಗಳಲ್ಲಿ ಇಟ್ಟುಕೊಂಡಿತು. ತುಳು, ಕುಂದಾಪುರ ಕನ್ನಡ, ಕೊಂಕಣಿ, ನವಾಯತಿ ಮೊದಲಾದ ನುಡಿಗಳಲ್ಲಿ ಹರಡಿಕೊಂಡಿರುವ ಮೀನಿನ ಹೆಸರುಗಳನ್ನು, ಗಾಳ ಮತ್ತು ಎರೆಗಳ ವಿವರಗಳನ್ನು, ಕಡಲ ಗುರುತುಗಳನ್ನು ಬಲ್ಲ ಹಿರಿಯರಿಂದ ಅವರ ಹೆಸರಿನೊಡನೆಯೇ ಸಂಗ್ರಹಿಸುವ ಕಾರ್ಯ ಊರೂರಿನಲ್ಲಿ ನಡೆಯಬೇಕಾಗಿದೆ. ಹಿಂದಿನ ಎರಡು ಗ್ರಂಥಗಳು ಹೆಸರಿಸದೆ ಬಿಟ್ಟವರನ್ನು ಮುಂದಿನ ಗ್ರಂಥವಾದರೂ ಹೆಸರಿಸಬೇಕು.