ಚೌಕ ತಿರುಗಿ ನಕ್ಷತ್ರವಾದ ಬಗೆ

ಹೊಯ್ಸಳ ದೇಗುಲಗಳನ್ನು ವರ್ಣಿಸುವವರು ಸಾಮಾನ್ಯವಾಗಿ ಮದನಿಕೆಯರ ಬಳಿ ನಿಂತುಬಿಡುತ್ತಾರೆ. ಕಣ್ಣು ತಳಪಾಯಕ್ಕೆ ಇಳಿಯುವುದು ಅಪರೂಪ. ನನಗಾದರೋ ಕಟ್ಟಿದವರ ಬುದ್ಧಿ ಹೆಚ್ಚಾಗಿ ಕಾಣುವುದು ಅಲ್ಲಿಯೇ. ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 1258ರಲ್ಲಿ ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯವನ್ನೇ ನೋಡಿ. ಅಲ್ಲಿನ ಮೂರು ವಿಮಾನಗಳೂ ಹದಿನಾರು ಮೂಲೆಯ ನಕ್ಷತ್ರದ ಲೆಕ್ಕದವು. ಅದರ ಗುಟ್ಟು ಸರಳ: ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ಸಮನಾಗಿ ತಿರುಗಿಸುತ್ತ ಮೂಲೆಗಳನ್ನು ಗುರುತಿಸುತ್ತ ಹೋಗುವುದು. ತೊಂಬತ್ತು ಅಂಶ ತಿರುಗಿದ ಚೌಕ ತನ್ನ ಮೇಲೆ ತಾನೇ ಕೂರುತ್ತದೆ; ಆದ್ದರಿಂದ ನಾಲ್ಕು ಚೌಕಗಳಿಗೆ ತೊಂಬತ್ತನ್ನು ನಾಲ್ಕು ಪಾಲು ಮಾಡಿದರೆ ಸಾಕು.

ಹಿರಿಯೂರು ತಾಲ್ಲೂಕಿನ ಆದಿವಾಲದಲ್ಲಿ ನಮ್ಮ ಬಂಧುಗಳ ಹುಡುಗನೊಬ್ಬ ಇಂಜಿನಿಯರಿಂಗ್ ಓದುತ್ತಾನೆ. ಈ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬರೆಯಹೊರಟಿದ್ದ. 22.5 ಅಂಶ ತಿರುಗು ಎಂದರೆ ಚೌಕ ಇದ್ದಲ್ಲಿ ತಿರುಗದೆ ಹಾಳೆಯ ಇನ್ನೊಂದು ಮೂಲೆಗೆ ಹಾರಿತು.

“ಮಾವ, ಕೋನ ಸರಿಯಾಗಿಯೇ ಕೊಟ್ಟಿದ್ದೇನಲ್ಲ!” ಎಂದ.

“ಕೋನ ಸರಿಯಪ್ಪ, ಮೇಟಿ ಎಲ್ಲಿ ನೆಟ್ಟಿದ್ದೀಯೆ?” ಎಂದು ಕೇಳಿದೆ.

ಕಣದ ಎತ್ತುಗಳು ಮೇಟಿಯ ಸುತ್ತ ತಿರುಗುತ್ತವೆಯೇ ಹೊರತು ತಮ್ಮ ಸುತ್ತ ಅಲ್ಲ. ಆ ಯಂತ್ರವು ಹಾಳೆಯ ಸೊನ್ನೆಬಿಂದುವನ್ನೇ ಮೇಟಿಯೆಂದು ಹಿಡಿದಿತ್ತು. ಚೌಕದ ನಡುವನ್ನು ಸೊನ್ನೆಗೆ ತಂದು, ತಿರುಗಿಸಿ, ಅಷ್ಟೇ ದೂರ ಹಿಂದಕ್ಕೆ ಒಯ್ದರೆ ಸರಿಹೋಗುತ್ತದೆ. ಮೂರು ಗರ್ಭಗುಡಿಗೆ ಮೂರು ಮೇಟಿ. ಒಟ್ಟಾಗಿ ಹಿಡಿದು ತಿರುಗಿಸಿದರೆ ಗುಡಿಯೇ ದಿಕ್ಕು ಬದಲಿಸುತ್ತದೆ. ಇನ್ನೊಂದು ತೊಡಕೂ ಉಂಟು: ತಿರುಗಿದ ಚೌಕವನ್ನೇ ನಕಲು ಮಾಡಿ ಮತ್ತೆ 45 ಎಂದರೆ ಅದು 67.5ಕ್ಕೆ ಹೋಗಿ ನಿಲ್ಲುತ್ತದೆ. ಕೋನವನ್ನು ಮೊದಲ ಚೌಕದಿಂದ ಎಣಿಸಬೇಕೋ ಹಿಂದಿನದರಿಂದಲೋ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಗೂಟ ಮತ್ತು ಹಗ್ಗದಿಂದ ನೆಲದ ಮೇಲೆ ಆಕೃತಿ ಬರೆಯುವ ಕ್ರಮ ನಮ್ಮಲ್ಲಿ ಬಹು ಹಳೆಯದು. ಶುಲ್ಬಸೂತ್ರಗಳ ಹೆಸರಿನಲ್ಲಿರುವ ಶುಲ್ಬವೆಂದರೆ ಹಗ್ಗವೇ. ಗೂಟ ಕದಲದಿದ್ದರೆ ಕೇಂದ್ರವೂ ಕದಲದು. ತೊಂಬತ್ತನ್ನು ಅರ್ಧಿಸಿ, ಮತ್ತೆ ಅರ್ಧಿಸಿದರೆ 22.5 ಸಿಕ್ಕಿತು, ಕೋನಮಾಪಕವೇ ಬೇಡ.

ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ದೇಗುಲದ ಲೆಕ್ಕ ಇದಕ್ಕಿಂತ ಸ್ವಾರಸ್ಯದ್ದು. ಕಲ್ಯಾಣ ಚಾಳುಕ್ಯರ ಕಾಲದ, ಹನ್ನೆರಡನೆಯ ಶತಮಾನದ ಗುಡಿ. ಅದರ ವಿಮಾನಕ್ಕೆ 24 ಮೂಲೆಗಳು. ಎಂದರೆ ಆರು ಚೌಕ, ಹದಿನೈದು ಹದಿನೈದು ಅಂಶ. ತೊಂಬತ್ತನ್ನು ಎಷ್ಟು ಸಲ ಅರ್ಧಿಸಿದರೂ ಹದಿನೈದು ಬಾರದು. ಆದರೆ ವೃತ್ತ ಎಳೆದ ಹಗ್ಗವನ್ನೇ ಅದರ ಅಂಚಿನ ಮೇಲೆ ಅಳೆದುಕೊಂಡು ಹೋದರೆ ಆರು ಸಲಕ್ಕೆ ಸರಿಯಾಗಿ ಸುತ್ತು ಮುಗಿಯುತ್ತದೆ. ಒಂದೊಂದು ಅಳತೆಗೆ ಅರುವತ್ತು ಅಂಶ. ಅದರ ಅರ್ಧ ಮೂವತ್ತು, ಅದರ ಅರ್ಧ ಹದಿನೈದು.