‘ಧ್ಯಾನಿಸು’: ಒಂದು ಕ್ರಿಯಾಪದದ ಚರಿತ್ರೆ ಮತ್ತು ಶ್ರಾವಕಧರ್ಮ

ರಾಜವಂಶಗಳ ಚರಿತ್ರೆಯನ್ನು ಶಾಸನಗಳಿಂದ ತಿಳಿಯುವಂತೆ, ಒಂದು ಜನಾಂಗದ ವಿಚಾರದ ಚರಿತ್ರೆಯನ್ನು ಅದು ಬಳಸಿದ ಶಬ್ದಗಳಿಂದ ತಿಳಿಯಬಹುದಾಗಿದೆ. ಇಂದು ಎಲ್ಲರ ನಾಲಗೆಯ ಮೇಲಿರುವ ‘ಧ್ಯಾನ’ವೆಂಬ ಶಬ್ದವು ಅಂತಹದೊಂದು. ವಿಶ್ವಸಂಸ್ಥೆಯು 2024ರಲ್ಲಿ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಘೋಷಿಸಿತು. ನಮ್ಮ ಭಾಗದಲ್ಲಂತೂ ಈ ಶಬ್ದಕ್ಕೆ ವಿಶೇಷ ಆದರವಿದೆ. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಜನಿಸಿ, 2023ರ ಜನವರಿ 2ರಂದು ದೇಹವಿಟ್ಟ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನಗಳಿಂದ ಯೋಗ, ಧ್ಯಾನಗಳ ವಿಚಾರವು ಹಳ್ಳಿಹಳ್ಳಿಗೆ ತಲುಪಿದೆ. ಆದರೆ ಇದರ ಜೊತೆಗೆ ಒಂದು ಭಾವನೆಯೂ ಸಮಾಜದಲ್ಲಿ ಬೇರೂರುತ್ತಿದೆ: ಧ್ಯಾನವೆಂದರೆ ಕಣ್ಣು ಮುಚ್ಚಿ ಶಾಂತವಾಗಿ ಕುಳಿತುಕೊಳ್ಳುವುದು, ಅದು ಯಾವಾಗಲೂ ಒಳ್ಳೆಯದೇ. ನಮ್ಮ ಆಚಾರ್ಯರು ಹಾಗೆ ಹೇಳಿಲ್ಲ. ಆಶ್ಚರ್ಯವೆಂದರೆ, ದೂರದ ಯುರೋಪಿನ ಭಾಷೆಗಳಲ್ಲಿ ಇದೇ ಅರ್ಥದ ಕ್ರಿಯಾಪದವು ನಡೆದು ಬಂದ ದಾರಿಯೂ ಹಾಗೆ ಹೇಳುವುದಿಲ್ಲ.

ಕನ್ನಡದಲ್ಲಿ ಜಾನ

ಸಂಸ್ಕೃತದ ‘ಧ್ಯೈ’ ಧಾತುವಿನಿಂದ ಧ್ಯಾನ ಶಬ್ದ ಹುಟ್ಟಿದೆ. ಪ್ರಾಕೃತದಲ್ಲಿ ಅದು ‘ಝಾಣ’ವಾಯಿತು. ಜಿನಭದ್ರಗಣಿಯ ಹೆಸರಿನಲ್ಲಿ ಬಂದಿರುವ ‘ಧ್ಯಾನಶತಕ’ದ ಪ್ರಾಕೃತ ಹೆಸರು ‘ಝಾಣಜ್ಝಯಣ’ ಎಂದಿರುವುದನ್ನು ಗಮನಿಸಬೇಕು. ಧ್ಯಾನ ಮತ್ತು ಅಧ್ಯಯನ ಎರಡರಲ್ಲೂ ‘ಧ್ಯ’ಕಾರವು ಮಾರ್ಪಟ್ಟಿದೆ. ನಾವು ನಿತ್ಯವೂ ಪಠಿಸುವ ಣಮೋಕಾರ ಮಂತ್ರದಲ್ಲಿ ಉಪಾಧ್ಯಾಯರು ‘ಉವಜ್ಝಾಯ’ರಾಗಿರುವುದೂ ಇದೇ ಕ್ರಮದಿಂದ. ಬೌದ್ಧರ ಪಾಲಿಯಲ್ಲಿ ಅದು ‘ಝಾನ’. ಬೌದ್ಧರ ಮೂಲಕ ಈ ಶಬ್ದವೇ ಚೀನಕ್ಕೆ ಹೋಗಿ ‘ಚಾನ್’ ಆಯಿತು, ಜಪಾನಿನಲ್ಲಿ ‘ಝೆನ್’ ಆಯಿತು.

ಕನ್ನಡವು ಈ ಶಬ್ದವನ್ನು ಎರಡು ರೂಪಗಳಲ್ಲಿ ಸ್ವೀಕರಿಸಿದೆ. ‘ಧ್ಯಾನ’ ತತ್ಸಮ, ‘ಜಾನ’ ತದ್ಭವ. ಸಂಧ್ಯಾ ‘ಸಂಜೆ’ಯಾದಂತೆ, ವಂಧ್ಯಾ ‘ಬಂಜೆ’ಯಾದಂತೆ, ಧ್ಯಾನವು ‘ಜಾನ’ವಾಯಿತು. ಇಂತಹ ರೂಪಗಳಿಗೆ ನಿಯಮ ಹೇಳಿದವನು ‘ಶಬ್ದಮಣಿದರ್ಪಣ’ದ ಕರ್ತೃವಾದ ಜೈನ ವೈಯಾಕರಣ ಕೇಶಿರಾಜ; ಅವನು 13ನೆಯ ಶತಮಾನದವನು. ನಾಮಪದಕ್ಕೆ ‘ಇಸು’ ಪ್ರತ್ಯಯ ಹತ್ತಿಸಿ ಧ್ಯಾನಿಸು, ಜಾನಿಸು ಎಂಬ ಕ್ರಿಯಾಪದಗಳನ್ನು ಕನ್ನಡವೇ ರೂಪಿಸಿಕೊಂಡಿತು. ‘ಜಾನಿಸು’ ಹಳಗನ್ನಡಕ್ಕೆ ಸೀಮಿತವಾಗಿ, ‘ಧ್ಯಾನಿಸು’ ಉಳಿದುಕೊಂಡಿದೆ.

ನಮ್ಮ ಆಡುಮಾತಿನಲ್ಲಿ ಇದೇ ಧಾತುವಿನ ಬಂಧುವೊಂದು ಇಂದಿಗೂ ಜೀವಂತವಾಗಿದೆ. ಅದು ‘ಧ್ಯಾಸ’. ಬಬಲೇಶ್ವರದ ಪೇಟೆಯಲ್ಲಾಗಲಿ, ತಿಕೋಟಾದ ಸಂತೆಯಲ್ಲಾಗಲಿ, ‘ಅವಗ ರೊಕ್ಕದ್ದ ಧ್ಯಾಸ’ ಎಂದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ಮನಸ್ಸು ಒಂದರಲ್ಲೇ ನೆಟ್ಟಿದೆ, ಆದರೆ ನೆಟ್ಟಿರುವುದು ರೊಕ್ಕದಲ್ಲಿ. ಶಾಸ್ತ್ರ ಓದದ ಜನರ ಮಾತಿನಲ್ಲಿಯೂ ಶಾಸ್ತ್ರದ ತಿರುಳು ಹೀಗೆ ಅಡಗಿರುತ್ತದೆ.

ಲ್ಯಾಟಿನ್ ಭಾಷೆಯಲ್ಲಿ ಅಳತೆ

ಈಗ ಪಶ್ಚಿಮದ ಕಡೆಗೆ ನೋಡೋಣ. ಪ್ರಾಚೀನ ರೋಮನರ ಲ್ಯಾಟಿನ್ ಭಾಷೆಯಲ್ಲಿ ‘ಮೆದಿತಾರಿ’ ಎಂಬ ಕ್ರಿಯಾಪದವಿತ್ತು. ಇದರ ಮೂಲಧಾತುವಿನ ಅರ್ಥ ಅಳೆಯುವುದು, ತಕ್ಕ ಪ್ರಮಾಣವನ್ನು ನಿರ್ಧರಿಸುವುದು. ವೈದ್ಯನೆಂಬರ್ಥದ ‘ಮೆದಿಕುಸ್’, ಅಳತೆ ಅಥವಾ ಮಿತಿ ಎಂಬರ್ಥದ ‘ಮೊದುಸ್’ ಇದೇ ಕುಲದ ಶಬ್ದಗಳು. ಮೆದಿತಾರಿ ಎಂದರೆ ಮನಸ್ಸಿನಲ್ಲಿ ಮತ್ತೆ ಮತ್ತೆ ತೂಗಿ ನೋಡುವುದು. ಅಭ್ಯಾಸ ಮಾಡುವುದು ಎಂಬರ್ಥವೂ ಅದಕ್ಕಿತ್ತು. ವರ್ಜಿಲ್ ಕವಿಯು ತನ್ನ ಮೊದಲನೆಯ ಗೋಪಗೀತೆಯಲ್ಲಿ ಮರದ ನೆರಳಿನಲ್ಲಿ ಕೊಳಲು ನುಡಿಸುವ ದನಗಾಹಿಗೆ ಈ ಕ್ರಿಯಾಪದವನ್ನೇ ಬಳಸಿದ್ದಾನೆ.

ಮುಂದೆ ಕ್ರೈಸ್ತ ಮಠಗಳಲ್ಲಿ ಈ ಶಬ್ದಕ್ಕೆ ಧಾರ್ಮಿಕ ಅರ್ಥ ಬಂದಿತು. 12ನೆಯ ಶತಮಾನದ ಸನ್ಯಾಸಿ ಎರಡನೆಯ ಗೀಗೊ ಎಂಬವನು ಓದುವಿಕೆ, ಮನನ, ಪ್ರಾರ್ಥನೆ, ದರ್ಶನ ಎಂದು ನಾಲ್ಕು ಮೆಟ್ಟಿಲುಗಳನ್ನು ಹೇಳಿ, ಮನನಕ್ಕೆ ಈ ಶಬ್ದವನ್ನು ಇಟ್ಟನು. ನಮ್ಮ ಆರು ಅಂತರಂಗ ತಪಗಳಲ್ಲಿ ಸ್ವಾಧ್ಯಾಯವು ಮೊದಲು ಬಂದು, ಧ್ಯಾನವು ಕೊನೆಗೆ ಬರುವುದನ್ನು ಇದರೊಡನೆ ಹೋಲಿಸಬಹುದು. ಓದಿಲ್ಲದ ಮನನವನ್ನು ಅವರೂ ಒಪ್ಪಲಿಲ್ಲ, ನಾವೂ ಒಪ್ಪಿಲ್ಲ.

ಲ್ಯಾಟಿನ್ ಭಾಷೆಯ ಮಕ್ಕಳಾದ ಇಟಾಲಿಯನ್ನಿನಲ್ಲಿ ‘ಮೆದಿತಾರೆ’, ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ‘ಮೆದಿತಾರ್’, ಫ್ರೆಂಚಿನಲ್ಲಿ ‘ಮೆದಿತೆ’, ರುಮೇನಿಯನ್ನಿನಲ್ಲಿ ‘ಮೆದಿತಾ’ ಎಂಬ ರೂಪಗಳಿವೆ. ಇವು ಜನರ ಬಾಯಲ್ಲಿ ಸವೆದು ಬಂದವಲ್ಲ, ವಿದ್ವಾಂಸರು ಪುಸ್ತಕದಿಂದ ಎತ್ತಿಕೊಂಡವು. ಬದಲಾಯಿಸು ಎಂಬರ್ಥದ ಲ್ಯಾಟಿನ್ ‘ಮೂತಾರೆ’ಯು ಸ್ಪ್ಯಾನಿಷ್‌ನಲ್ಲಿ ತಕಾರವು ದಕಾರವಾಗಿ ‘ಮುದಾರ್’ ಆಯಿತು, ಫ್ರೆಂಚಿನಲ್ಲಿ ತಕಾರವೇ ಲೋಪವಾಗಿ ‘ಮ್ಯುಯೆ’ ಆಯಿತು. ‘ಮೆದಿತಾರ್’ನಲ್ಲಿ ತಕಾರವು ಹಾಗೆಯೇ ಉಳಿದಿದೆ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅವರಲ್ಲಿರುವುದು ತತ್ಸಮ ಮಾತ್ರ. ಕನ್ನಡಕ್ಕೆ ತತ್ಸಮ, ತದ್ಭವ ಎರಡೂ ದಕ್ಕಿವೆ.

ಈ ಶಬ್ದದ ಇನ್ನೊಂದು ಮುಖವು ನಮಗೆ ಹೆಚ್ಚು ಮುಖ್ಯ. ಇದೇ ಕ್ರಿಯಾಪದಕ್ಕೆ ‘ಮೊದಲೇ’ ಎಂಬರ್ಥದ ಉಪಸರ್ಗ ಸೇರಿ ‘ಪ್ರೆಮೆದಿತೆ’ ಎಂಬ ಫ್ರೆಂಚ್ ಶಬ್ದವಾಗಿದೆ. ಮೊದಲೇ ಯೋಚಿಸಿ, ತೂಗಿ ನೋಡಿ ಮಾಡಿದ ಕೊಲೆಯನ್ನು ಫ್ರೆಂಚ್ ದಂಡಸಂಹಿತೆಯು ಸಾಮಾನ್ಯ ಕೊಲೆಗಿಂತ ಘೋರವೆಂದು ಎಣಿಸುತ್ತದೆ. ಮಠದಲ್ಲಿ ಸನ್ಯಾಸಿಯನ್ನು ದೇವರ ಕಡೆಗೆ ಒಯ್ದ ಶಬ್ದವೇ ನ್ಯಾಯಾಲಯದಲ್ಲಿ ಅಪರಾಧಿಯ ಶಿಕ್ಷೆಯನ್ನು ಹೆಚ್ಚಿಸುತ್ತದೆ.

ನಾಲ್ಕು ಧ್ಯಾನಗಳು

ಇದನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಸ್ಪಷ್ಟವಾಗಿ ವಿವೇಚಿಸಿದ್ದಾರೆ. ಚಿಂತೆಯನ್ನು ಒಂದೇ ವಿಷಯದಲ್ಲಿ ನಿಲ್ಲಿಸುವುದು ಧ್ಯಾನ. ಉತ್ತಮ ಸಂಹನನವುಳ್ಳವನಿಗೂ ಅದು ನಿಲ್ಲುವುದು ಅಂತರ್ಮುಹೂರ್ತ, ಅಂದರೆ 48 ನಿಮಿಷಗಳ ಒಳಗೆ. ಬಳಿಕ ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕು ಭೇದಗಳನ್ನು ಹೇಳಿ, ಕೊನೆಯ ಎರಡು ಮಾತ್ರ ಮೋಕ್ಷಕ್ಕೆ ಕಾರಣವೆಂದಿದ್ದಾರೆ. ಬೇಕಾದುದು ಹೋಯಿತೆಂದು, ಬೇಡವಾದುದು ಬಂದಿತೆಂದು, ನೋವಾಯಿತೆಂದು, ಮುಂದಿನ ಭೋಗ ಬೇಕೆಂದು ಕೊರಗುವುದು ಆರ್ತ. ಹಿಂಸೆ, ಸುಳ್ಳು, ಕಳವು, ವಿಷಯಸಾಮಗ್ರಿಯ ರಕ್ಷಣೆ ಇವುಗಳಲ್ಲೇ ಮನಸ್ಸು ನೆಲೆಸುವುದು ರೌದ್ರ. ಇವೂ ಧ್ಯಾನಗಳೇ, ಏಕಾಗ್ರತೆಯಲ್ಲಿ ಇವಕ್ಕೆ ಕೊರತೆಯಿಲ್ಲ.

ವಿಜಯಪುರದ ದರ್ಗಾ ಭಾಗದಲ್ಲಿರುವ ಸಹಸ್ರಫಣಿ ಪಾರ್ಶ್ವನಾಥನ ಕಪ್ಪು ಶಿಲೆಯ ಬಿಂಬದ ಮುಂದೆ ನಿಂತಾಗ ಈ ಭೇದವು ಕಣ್ಣಿಗೆ ಕಟ್ಟುತ್ತದೆ. ಧರಣೇಂದ್ರನ ಹೆಡೆಗಳ ಕೆಳಗೆ ಭಗವಂತನು ಧ್ಯಾನದಲ್ಲಿದ್ದಾನೆ. ಆದರೆ ಪುರಾಣದ ಪ್ರಕಾರ ಮಳೆಗರೆದು ಉಪಸರ್ಗ ಮಾಡಿದ ಕಮಠನ ಜೀವವೂ ಧ್ಯಾನದಲ್ಲಿಯೇ ಇದ್ದಿತು. ಜನ್ಮಜನ್ಮಾಂತರಗಳಲ್ಲಿ ಅದು ಮರುಭೂತಿಯ ಮೇಲಿನ ವೈರವೊಂದನ್ನೇ ಬಿಡದೆ ಹಿಡಿದಿತ್ತು. ಒಬ್ಬನದು ಶುಕ್ಲ, ಇನ್ನೊಬ್ಬನದು ರೌದ್ರ. ಇಬ್ಬರ ನಡುವಣ ಅಂತರವು ಏಕಾಗ್ರತೆಯಲ್ಲಿಲ್ಲ, ವಿಷಯದಲ್ಲಿದೆ.

ಫ್ರೆಂಚ್ ನ್ಯಾಯಾಲಯವು ಕೃತ್ಯ ನಡೆದ ಮೇಲೆ ಅದರ ಹಿಂದಿನ ಚಿಂತನೆಯನ್ನು ವಿಚಾರಿಸುತ್ತದೆ. ನಮ್ಮ ಶಾಸ್ತ್ರವು ಕೃತ್ಯಕ್ಕಾಗಿ ಕಾಯುವುದಿಲ್ಲ. ಸಂಕಲ್ಪವಾದ ಸಂರಂಭ, ಸಿದ್ಧತೆಯಾದ ಸಮಾರಂಭ, ಕೃತ್ಯವಾದ ಆರಂಭ ಈ ಮೂರನ್ನು ಮನ, ವಚನ, ಕಾಯ ಮೂರರಿಂದಲೂ, ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಎಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ 108 ಮಣಿಗಳು ಈ ಲೆಕ್ಕವನ್ನೇ ನೆನಪಿಸುತ್ತವೆಂದು ಹಿರಿಯರು ಹೇಳುವ ರೂಢಿಯಿದೆ. ಅದರಲ್ಲಿ ಮೊದಲ ಬಾಕಿ ಬೀಳುವುದು ಸಂಕಲ್ಪದ ಖಾತೆಯಲ್ಲಿಯೇ.

ಅಂಗಡಿಯಲ್ಲಿಯ ಧ್ಯಾನ

ವ್ಯಾಪಾರಸ್ಥರಾದ ನಾವು ಇದನ್ನು ನಮ್ಮ ಗದ್ದಿಗೆಯ ಮೇಲೆ ಕುಳಿತು ವಿಚಾರಿಸಬೇಕು. ತಿಕೋಟಾ, ಬಬಲೇಶ್ವರ ಭಾಗದ ರೈತನು ದ್ರಾಕ್ಷಿ ಒಣಗಿಸಿ ಮಣೂಕ ಮಾಡುವಾಗ ಅಕಾಲ ಮಳೆ ಬಂದರೆ ಅವನ ವರ್ಷದ ದುಡಿಮೆ ಹಾಳಾಗುತ್ತದೆ. ಮಾಲು ಕೂಡಿಟ್ಟವನ ಮನಸ್ಸು ಆ ಮಳೆಯನ್ನೇ ಹಾರೈಸತೊಡಗಿದರೆ ಅವನು ಯಾವ ಕಾನೂನನ್ನೂ ಮುರಿದಿಲ್ಲ, ಯಾರಿಗೂ ಕೇಡು ಮಾಡಿಲ್ಲ. ಆದರೆ ಅವನು ರೌದ್ರಧ್ಯಾನದಲ್ಲಿದ್ದಾನೆ. ಬೆಳಿಗ್ಗೆ ಬಸದಿಯಲ್ಲಿ 48 ನಿಮಿಷ ಸಾಮಾಯಿಕ ಮಾಡಿ, ಉಳಿದ ಹೊತ್ತೆಲ್ಲ ಇಂತಹ ಚಿಂತೆಯಲ್ಲಿ ಕಳೆದರೆ ಜಮೆ ಎಷ್ಟು, ಖರ್ಚು ಎಷ್ಟು? ಅಣುವ್ರತ ಹಿಡಿದಿದ್ದೇನೆ, ನನಗೆ ಭಯವಿಲ್ಲ ಎಂದೂ ಹೇಳುವಂತಿಲ್ಲ. ರೌದ್ರಧ್ಯಾನವು ಅವಿರತನಿಗೆ ಮಾತ್ರವಲ್ಲ, ದೇಶವಿರತನಾದ ಶ್ರಾವಕನಿಗೂ ಸಂಭವಿಸುತ್ತದೆಂದು ಸೂತ್ರಕಾರರೇ ಎಚ್ಚರಿಸಿದ್ದಾರೆ.

ಶುಕ್ಲಧ್ಯಾನವು ನಮಗೆ ಎಟುಕುವಂತಹದಲ್ಲ. ನಮಗೆ ಉಳಿದಿರುವುದು ಧರ್ಮ್ಯಧ್ಯಾನ. ಆಜ್ಞಾ, ಅಪಾಯ, ವಿಪಾಕ, ಸಂಸ್ಥಾನ ಎಂಬ ಅದರ ನಾಲ್ಕು ಭೇದಗಳಿಗೂ ‘ವಿಚಯ’ವೆಂಬ ಶಬ್ದ ಸೇರಿದೆ. ವಿಚಯವೆಂದರೆ ವಿಚಾರಿಸಿ ಪರೀಕ್ಷಿಸುವುದು. ಜಿನಾಜ್ಞೆ ಏನು, ನನ್ನ ನಡತೆಯಿಂದ ಆಗುವ ಕೇಡು ಏನು, ಕರ್ಮದ ಫಲವೇನು, ಲೋಕದ ಸ್ವರೂಪವೇನು ಎಂದು ತೂಗಿ ನೋಡುವುದು. ಲ್ಯಾಟಿನ್ ಧಾತುವಿನ ಅಳತೆಯ ಅರ್ಥವು ಇದಕ್ಕೆ ದೂರವಾದುದಲ್ಲ. ತಕ್ಕಡಿ ಹಿಡಿದು ಬದುಕುವ ಸಮಾಜಕ್ಕೆ ಇದು ಕಠಿಣವಾದ ವಿದ್ಯೆಯೂ ಅಲ್ಲ.

ಬಸದಿಯ ಟ್ರಸ್ಟುಗಳು ಧ್ಯಾನಶಿಬಿರಗಳನ್ನು ಏರ್ಪಡಿಸುವುದು ಶ್ಲಾಘನೀಯ. ಅಲ್ಲಿ ಉಸಿರಿನ ಅಭ್ಯಾಸದೊಡನೆ ಈ ನಾಲ್ಕು ಭೇದಗಳನ್ನೂ ಮಕ್ಕಳಿಗೆ ಕಲಿಸಬೇಕು. ಸಂಜೆ ಅಂಗಡಿಯ ಕೀರ್ದಿ ಬರೆದು ಮುಗಿಸಿದ ಮೇಲೆ ಮನೆಯ ಹಿರಿಯರು ಇನ್ನೂ ಐದು ನಿಮಿಷ ಕುಳಿತು, ಈ ದಿನ ನನ್ನ ಮನಸ್ಸು ಯಾವುದನ್ನು ಧ್ಯಾನಿಸಿತು ಎಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ‘ಧ್ಯಾನಿಸು’ ಎಂಬುದು ಸಕರ್ಮಕ ಕ್ರಿಯಾಪದ. ಕರ್ಮಪದ ಯಾವುದೆಂಬುದನ್ನು ನಾವೇ ಆರಿಸಿಕೊಳ್ಳಬೇಕಾಗಿದೆ. ಅದಕ್ಕೆ ತಕ್ಕ ಕರ್ಮವೇ ನಮ್ಮನ್ನು ಬಂದು ಸೇರುತ್ತದೆ.