ಬೀದರ್ ಸೀಮೆಯಲ್ಲಿ ಜಾತಿ, ಭಾಷೆ ಮತ್ತು ಮತ

ಚುನಾವಣೆ ಬಂತೆಂದರೆ ನಮ್ಮ ಕಡೆ ಒಂದು ಲೆಕ್ಕ ಶುರುವಾಗುತ್ತದೆ. ಲಿಂಗಾಯತರು ಎಷ್ಟು, ಮರಾಠರು ಎಷ್ಟು, ಮುಸಲ್ಮಾನರು ಎಷ್ಟು, ಪರಿಶಿಷ್ಟರು ಎಷ್ಟು, ಕುರುಬರು, ಕೋಲಿ ಸಮಾಜದವರು, ಲಂಬಾಣಿಗರು ಎಷ್ಟು ಎಂದು ಕಟ್ಟೆಯ ಮೇಲೆ ಕುಳಿತವರು ಬೆರಳು ಮಡಚಿ ಎಣಿಸುತ್ತಾರೆ. ಇದನ್ನು ಕೇಳಿ ಬೇಸತ್ತ ಹಿರಿಯರು ‘ಜಾತಿಯಿಂದಲೇ ಪ್ರಜಾಪ್ರಭುತ್ವ ಕೆಟ್ಟಿತು’ ಎನ್ನುವುದುಂಟು. ಅವರ ಬೇಸರದಲ್ಲಿ ಅರ್ಥವಿದೆ. ಆದರೆ ಬೀದರ್, ಭಾಲ್ಕಿ, ಔರಾದ್ ಸೀಮೆಯ ಇತಿಹಾಸವನ್ನು ಸಾವಧಾನವಾಗಿ ನೋಡಿದರೆ ಇನ್ನೊಂದು ಮಾತು ತಿಳಿಯುತ್ತದೆ. ಭೇದಗಳು ಇದ್ದ ಮಾತ್ರಕ್ಕೆ ಪ್ರಜಾಪ್ರಭುತ್ವ ಕೆಡುವುದಿಲ್ಲ. ಜಾತಿ, ಭಾಷೆ, ಬಡತನ, ಅನಕ್ಷರತೆ ಇವೆಲ್ಲವೂ ಒಂದೇ ಮನೆಯ ಮೇಲೆ ಬಂದು ಕುಳಿತಾಗ ಅದು ಕೆಡುತ್ತದೆ. ಈ ಲೇಖನದಲ್ಲಿ ಹೇಳಬೇಕಾದದ್ದು ಇಷ್ಟೇ.

ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನದಲ್ಲಿ ಎಲ್ಲ ವಯಸ್ಕರಿಗೂ ಮತ ಎಂಬುದು ಇರಲಿಲ್ಲ. ಊರಿನ ಅಧಿಕಾರ ಮಾಲಿ ಪಾಟೀಲ, ಪೊಲೀಸ್ ಪಾಟೀಲ, ಪಟವಾರಿ ಎಂಬ ವಂಶಪಾರಂಪರ್ಯದ ಮನೆತನಗಳ ಕೈಯಲ್ಲಿತ್ತು. ಎಷ್ಟೋ ಹಳ್ಳಿಗಳು ಜಾಗೀರುದಾರರಿಗೆ ಸೇರಿದ್ದವು. ಕಚೇರಿಯ ಭಾಷೆ ಉರ್ದು. ಮನೆಯಲ್ಲಿ ಕನ್ನಡ, ಮರಾಠಿ, ತೆಲುಗು ಆಡುವ ರೈತನಿಗೆ ತನ್ನ ಹೊಲದ ಕಾಗದವನ್ನೇ ಓದಲು ಬರುತ್ತಿರಲಿಲ್ಲ. ಆ ದಿನಗಳಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ನಮ್ಮ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. ಅದನ್ನು ಭಾಷಾಭಿಮಾನದ ಕಥೆಯಾಗಿ ಹೇಳುತ್ತೇವೆ. ಓದಲು ಬಾರದವನು ಆಳುವವರ ಮುಂದೆ ಕೈಕಟ್ಟಿ ನಿಲ್ಲಬೇಕಾದ ಕಾಲದಲ್ಲಿ ಅದು ಸಮಾನತೆಯ ಕೆಲಸವೂ ಆಗಿತ್ತು.

1948 ನಮ್ಮ ಸೀಮೆಗೆ ನೋವಿನ ವರ್ಷ. ರಜಾಕಾರರ ಹಾವಳಿಯಲ್ಲಿ ಗೋರಟಾ ಗ್ರಾಮದ ಜನ ಪ್ರಾಣ ಕಳೆದುಕೊಂಡರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಹಿಂಸೆ ಎದುರು ದಿಕ್ಕಿಗೆ ತಿರುಗಿ, ಅನೇಕ ಮುಸ್ಲಿಂ ಕುಟುಂಬಗಳು ಬಲಿಯಾದವು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು ಎಂದು ಗುರುತಿಸಿತು. ಉಳಿದವು ಉಸ್ಮಾನಾಬಾದ್, ಕಲಬುರಗಿ ಮತ್ತು ನಾಂದೇಡ್. ಈ ಎರಡು ನೋವುಗಳಲ್ಲಿ ಒಂದನ್ನು ನೆನೆದು ಇನ್ನೊಂದನ್ನು ಮರೆತರೆ ಅದು ಇತಿಹಾಸವಾಗುವುದಿಲ್ಲ.

ಇಂಥ ನೆಲದಲ್ಲಿ ನಾಲ್ಕು ವರ್ಷ ಕಳೆಯುವುದರೊಳಗೆ ಮೊದಲ ಸಾರ್ವತ್ರಿಕ ಚುನಾವಣೆ ಬಂತು. 1951-52ರ ಆ ಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟು, ಅದರ ಮೇಲೆ ಚಿಹ್ನೆ ಅಂಟಿಸುತ್ತಿದ್ದರು. ಅಕ್ಷರ ಬಾರದ ಕೂಲಿಯವನೂ ಪಾಟೀಲನೂ ಒಂದೊಂದೇ ಚೀಟಿ ಹಾಕಿದರು. ಬೀದರ್ ಲೋಕಸಭಾ ಕ್ಷೇತ್ರದಿಂದ ಗೆದ್ದವರು ಕಾಂಗ್ರೆಸ್ಸಿನ ಶೌಕತುಲ್ಲಾ ಶಾ ಅನ್ಸಾರಿ. ಅವರು ಉತ್ತರ ಪ್ರದೇಶ ಮೂಲದವರು, ಮುಂದೆ ಒಡಿಶಾದ ರಾಜ್ಯಪಾಲರಾದವರು. ಹಿಂದೂ ಮುಸ್ಲಿಂ ರಕ್ತ ಹರಿದ ಜಿಲ್ಲೆಯ ಮತದಾರರು, ಅವರಲ್ಲಿ ಬಹುಪಾಲು ಹಿಂದೂಗಳು, ಒಬ್ಬ ಮುಸ್ಲಿಮರನ್ನು ತಮ್ಮ ಮೊದಲ ಸಂಸದರನ್ನಾಗಿ ಆರಿಸಿ ಕಳಿಸಿದರು. ಒಂದು ಚುನಾವಣೆಯಿಂದ ಗಾಯ ಮಾಯುವುದಿಲ್ಲ, ನಿಜ. ಆದರೂ ಧರ್ಮದ ಗೆರೆಯನ್ನು ದಾಟಿ ಮತ ಹಾಕಲು ಸಾಧ್ಯ ಎಂಬುದು ಈ ನೆಲದಲ್ಲಿ ಅಂದೇ ರುಜುವಾತಾಯಿತು.

ಇದು ಹೇಗೆ ಸಾಧ್ಯವಾಯಿತು? ನಮ್ಮ ಭೇದಗಳು ಒಂದರ ಮೇಲೊಂದು ಅಡ್ಡಡ್ಡ ಹಾಯ್ದಿವೆ ಎಂಬುದು ಒಂದು ಮುಖ್ಯ ಕಾರಣವೆಂದು ನನಗೆ ತೋರುತ್ತದೆ. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ಅಹಮದಪುರ, ನಿಲಂಗಾ ಮುಂಬೈ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಸೇರಿದವು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ಗೆರೆ ಎಳೆದದ್ದು ಭಾಷೆಯ ಆಧಾರದ ಮೇಲೆ. ಆದರೂ ಔರಾದ್ ಕಡೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಮರಾಠಿ ಮಾತು, ಉದಗೀರದಲ್ಲಿ ಬೀಗತನ, ಮಕ್ಕಳಿಗೆ ಕನ್ನಡ ಶಾಲೆ. ಮರಾಠಿ ಮಾತಾಡುವವರಲ್ಲಿ ಲಿಂಗಾಯತರೂ ಇದ್ದಾರೆ, ದಲಿತರೂ ಇದ್ದಾರೆ. ಬೀದರ್ ನಗರದಲ್ಲಿ ಉರ್ದು ಬಲ್ಲ ಹಿಂದೂ ವ್ಯಾಪಾರಿಗಳಿಗೆ ಲೆಕ್ಕವಿಲ್ಲ. ಅಷ್ಟೂರಿನ ಉರುಸಿನಲ್ಲಿ ಹಿಂದೂ ಮುಸ್ಲಿಮರು ಕೂಡಿಯೇ ನಡೆಯುತ್ತಾರೆ. ಒಂದು ಗೆರೆಯಲ್ಲಿ ಎದುರಾದವರು ಇನ್ನೊಂದು ಗೆರೆಯಲ್ಲಿ ಒಂದೇ ಕಡೆ ಇರುತ್ತಾರೆ.

ಎಲ್ಲ ಗೆರೆಗಳೂ ಒಂದೇ ಕಡೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಐರ್ಲೆಂಡಿನ ಉದಾಹರಣೆ ಇದೆ. ಅಲ್ಲಿ ಕ್ಯಾಥೊಲಿಕರಿಗೆ ಉದ್ಯೋಗ ಕಡಿಮೆ, ಸರ್ಕಾರಿ ಮನೆಗಳು ಕಡಿಮೆ. ಸ್ಥಳೀಯ ಚುನಾವಣೆಯ ಮತದ ಹಕ್ಕು ಮನೆಗೆ ತಳಕು ಹಾಕಿಕೊಂಡಿದ್ದರಿಂದ ಮತವೂ ಕಡಿಮೆ. ಧರ್ಮವೂ ಬಡತನವೂ ಒಂದೇ ಮನೆಯ ಬಾಗಿಲಲ್ಲಿ ಕೂಡಿದವು. 1998ರಲ್ಲಿ ಒಪ್ಪಂದವಾಗುವವರೆಗೆ ಸುಮಾರು ಮೂವತ್ತು ವರ್ಷ ಅಲ್ಲಿ ಬಂದೂಕು, ಬಾಂಬು ಮಾತಾಡಿದವು. ಮೂರೂವರೆ ಸಾವಿರ ಜನ ಸತ್ತರು.

ನಮ್ಮಲ್ಲೂ ಒಂದು ಕಡೆ ಗೆರೆಗಳು ಹೀಗೆ ಕೂಡಿಕೊಂಡಿದ್ದವು. ದಲಿತ ಕೇರಿಯಲ್ಲಿ ಅಸ್ಪೃಶ್ಯತೆ, ಭೂಮಿ ಇಲ್ಲದಿರುವುದು, ಅಕ್ಷರ ಇಲ್ಲದಿರುವುದು ಮೂರೂ ಒಟ್ಟಿಗೆ ಇದ್ದವು. ಸಂವಿಧಾನ ಇದಕ್ಕೆ ಕೊಟ್ಟ ಉತ್ತರ ಮೀಸಲು ಕ್ಷೇತ್ರ. ಬೀದರ್ ಲೋಕಸಭಾ ಕ್ಷೇತ್ರ 1962ರಿಂದ 2004ರ ಚುನಾವಣೆಯವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ರಾಮಚಂದ್ರ ವೀರಪ್ಪನವರು ಇಲ್ಲಿಂದ ಏಳು ಸಲ ಗೆದ್ದರು. 1962 ಮತ್ತು 1967ರಲ್ಲಿ ಕಾಂಗ್ರೆಸ್ಸಿನಿಂದ, 1991ರಿಂದ ಮುಂದೆ ಭಾರತೀಯ ಜನತಾ ಪಕ್ಷದಿಂದ. ತೊಂಬತ್ತು ದಾಟಿದ ಮೇಲೂ ಅವರು ಸಂಸದರಾಗಿದ್ದರು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿ ಮಾತ್ರ ಪರಿಶಿಷ್ಟ ಜಾತಿಯವರು. ಮತ ಹಾಕುವವರು ಎಲ್ಲರೂ. ನಮ್ಮ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ನಾಲ್ವರಲ್ಲಿ ಒಬ್ಬರಿಗಿಂತ ತುಸು ಕಡಿಮೆ. ಉಳಿದ ಮೂವರ ಮತ ಕೂಡ ಬೇಕು. ಹಾಗಾಗಿ ಮೇಲು ಕೀಳಿನ ಭಾವ ಮನಸ್ಸಿನಲ್ಲಿ ಇದ್ದವರೂ ದಲಿತ ಅಭ್ಯರ್ಥಿಯನ್ನು ಊರೊಳಗೆ ಬರಮಾಡಿಕೊಂಡು ಹಾರ ಹಾಕಬೇಕಾಯಿತು. ಇದು ಲಾಭ. ಅದೇ ಕಾರಣಕ್ಕೆ, ಭೂಮಿಯ ಪ್ರಶ್ನೆಯನ್ನೋ ದೌರ್ಜನ್ಯದ ಪ್ರಶ್ನೆಯನ್ನೋ ಗಟ್ಟಿಯಾಗಿ ಎತ್ತಿದರೆ ಬಲಿಷ್ಠರ ಮತ ತಪ್ಪುವ ಭಯ ಅಭ್ಯರ್ಥಿಗೆ ಇದ್ದೇ ಇರುತ್ತದೆ. ಇದು ನಷ್ಟ. ಲಾಭವನ್ನು ಮಾತ್ರ ನೋಡುವವರೂ ನಷ್ಟವನ್ನು ಮಾತ್ರ ನೋಡುವವರೂ ಅರ್ಧ ನೋಡಿದಂತೆ.

2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಬೀದರ್ ಲೋಕಸಭೆ ಸಾಮಾನ್ಯ ಕ್ಷೇತ್ರವಾಯಿತು, ಔರಾದ್ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಗಡಿಯ ಮರಾಠಿ ಮಾತು, ತಾಂಡಾಗಳ ಲಂಬಾಣಿ ಮಾತು, ಕನ್ನಡ ಮೂರನ್ನೂ ಆಡಿ ಮತ ಕೇಳಬೇಕಾದ ಕ್ಷೇತ್ರ ಅದು. ಭಾಲ್ಕಿಯ ಬಗೆ ಬೇರೆ. ಅಲ್ಲಿ ಒಂದೇ ಮನೆತನದವರು ಬೇರೆ ಬೇರೆ ಪಕ್ಷಗಳಿಂದ ಎದುರಾದರು. 2004ರಲ್ಲಿ ಪ್ರಕಾಶ ಖಂಡ್ರೆ ಗೆದ್ದರೆ 2008ರಲ್ಲಿ ಈಶ್ವರ ಖಂಡ್ರೆ ಗೆದ್ದರು. ಇಬ್ಬರು ಪ್ರಮುಖ ಅಭ್ಯರ್ಥಿಗಳೂ ಒಂದೇ ಸಮುದಾಯದವರಾದಾಗ ಆ ಸಮುದಾಯದ ಮತ ಹಂಚಿಹೋಗುತ್ತದೆ, ಉಳಿದ ಸಮುದಾಯಗಳ ಮತಕ್ಕೆ ಬೆಲೆ ಬರುತ್ತದೆ. ಕಟ್ಟೆಯ ಮೇಲಿನ ಜಾತಿ ಲೆಕ್ಕ ಎಷ್ಟೋ ಸಲ ತಪ್ಪುವುದು ಇದರಿಂದಲೇ.

ಜಾತಿ ಮೀರಿ ಜನ ಒಂದಾದ ಉದಾಹರಣೆಯೂ ನಮ್ಮಲ್ಲಿದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 21 ಕಲಬುರಗಿ ವಿಭಾಗದಲ್ಲೇ ಇದ್ದವು, ಔರಾದ್ ಅವುಗಳಲ್ಲಿ ಒಂದು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ಫಲವಾಗಿ 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿಯನ್ನು ಒಪ್ಪಿತು. 371(ಜೆ) ವಿಧಿಯಿಂದ ನಮ್ಮ ಮಕ್ಕಳಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ಸಿಕ್ಕಿತು. ಈ ಶಾಲೆಯ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲೂ ಅದರ ಪ್ರಯೋಜನ ಪಡೆದವರು ಇರಬಹುದು. ಆ ಬೇಡಿಕೆ ಯಾವ ಒಂದು ಜಾತಿಯದೂ ಆಗಿರಲಿಲ್ಲ.

ಇನ್ನು ಗ್ರಾಮ ಪಂಚಾಯಿತಿ. 1993ರ ಪಂಚಾಯತ್ ರಾಜ್ ಕಾಯ್ದೆಯಿಂದ ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಮಹಿಳೆಯರಿಗೆ ಸ್ಥಾನ ಮೀಸಲಾದವು. 2010ರ ತಿದ್ದುಪಡಿ ಮಹಿಳೆಯರಿಗೆ ಅರ್ಧ ಪಾಲು ಕೊಟ್ಟಿತು. ಅಧ್ಯಕ್ಷೆಯ ಬದಲು ಆಕೆಯ ಗಂಡ ಮಾತಾಡುವ ಸಭೆಗಳನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಎರಡನೇ ವರ್ಷಕ್ಕೆ ತಾನೇ ಎದ್ದು ನಿಂತು ಕುಡಿಯುವ ನೀರಿನ ಲೆಕ್ಕ ಕೇಳಿದ ಹೆಣ್ಣುಮಕ್ಕಳನ್ನೂ ಕಂಡಿದ್ದೇವೆ. ಸ್ಥಾನವನ್ನು ಕಾನೂನು ಕೊಡುತ್ತದೆ, ಧ್ವನಿಯನ್ನು ಶಾಲೆ ಕೊಡುತ್ತದೆ. 2011ರ ಜನಗಣತಿಯ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 79 ಗಂಡಸರು ಅಕ್ಷರಸ್ಥರಾಗಿದ್ದರೆ, ಹೆಂಗಸರಲ್ಲಿ ಆ ಸಂಖ್ಯೆ 61ರ ಆಸುಪಾಸಿನಲ್ಲಿತ್ತು. ಪಂಚಾಯಿತಿ ಸಭೆಯಲ್ಲಿ ಯಾರು ಮಾತಾಡುತ್ತಾರೆ ಎಂಬುದಕ್ಕೂ ಈ ಅಂತರಕ್ಕೂ ಸಂಬಂಧವಿದೆ.

ಹೀಗೆ ಮಾತು ತಿರುಗಿ ಶಾಲೆಗೇ ಬರುತ್ತದೆ. ಮತದಾನದ ದಿನ ಸರ್ಕಾರಿ ಶಾಲೆಯೇ ಮತಗಟ್ಟೆ. ಅಂದು ಊರಿನ ಎಲ್ಲ ಓಣಿಯವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಐವತ್ತು ವರ್ಷದ ಹಿಂದೆ ಉಳಿದ ದಿನಗಳಲ್ಲೂ ಅದೇ ಕೋಣೆಯಲ್ಲಿ ಪಾಟೀಲರ ಮಗ, ಕೂಲಿಯವರ ಮಗ, ಮುಲ್ಲಾ ಅವರ ಮಗ ಒಂದೇ ತಟ್ಟಿನ ಮೇಲೆ ಕೂಡುತ್ತಿದ್ದರು. ಇಂದು ಉಳ್ಳವರ ಮಕ್ಕಳು ಹಳದಿ ಬಸ್ಸು ಹತ್ತಿ ಖಾಸಗಿ ಶಾಲೆಗೆ ಹೋಗುತ್ತಾರೆ. ಅನೇಕ ಊರುಗಳಲ್ಲಿ ಸರ್ಕಾರಿ ಶಾಲೆ ಬಡವರದಷ್ಟೇ ಆಗುತ್ತಿದೆ. ಅಡ್ಡಡ್ಡ ಹಾಯ್ದ ಗೆರೆಗಳು ಮತ್ತೆ ಒಂದೇ ಕಡೆ ಕೂಡಿಕೊಳ್ಳುವುದು ಹೀಗೆಯೇ, ಸದ್ದಿಲ್ಲದೆ.

ಹಳೆಯ ವಿದ್ಯಾರ್ಥಿಗಳಲ್ಲಿ ಪಂಚಾಯಿತಿ ಸದಸ್ಯರಿದ್ದೀರಿ, ಅಧಿಕಾರಿಗಳಿದ್ದೀರಿ, ಹೈದರಾಬಾದು, ಬೆಂಗಳೂರಿನಲ್ಲಿ ನೆಲೆ ನಿಂತವರಿದ್ದೀರಿ. ಕಟ್ಟಡಕ್ಕೆ ಬಣ್ಣ, ಗೇಟಿಗೆ ಕಮಾನು ಕೊಡುವುದು ಒಳ್ಳೆಯದೇ. ಅದಕ್ಕಿಂತ ಮುಂಚೆ ಈ ವರ್ಷ ಎಂಟನೇ ತರಗತಿಗೆ ಯಾವ ಯಾವ ಓಣಿಯಿಂದ ಎಷ್ಟು ಮಕ್ಕಳು ಸೇರಿದರು, ಯಾವ ಓಣಿಯಿಂದ ಒಬ್ಬರೂ ಬರಲಿಲ್ಲ, ಯಾವ ಹುಡುಗಿ ಏಳನೆಯದಕ್ಕೇ ನಿಂತಳು ಎಂದು ಮುಖ್ಯೋಪಾಧ್ಯಾಯರ ಹತ್ತಿರ ಕುಳಿತು ಕೇಳಿ. ಚುನಾವಣೆಯಲ್ಲಿ ಎಣಿಸುವ ಬೆರಳುಗಳಿಂದಲೇ ಇದನ್ನೂ ಎಣಿಸಬಹುದು.